ಐದು ನಿಮಿಷದ ಏಕಾಂತ

ಗುರುಶಾಂತನ ಆ ದಿನದ ಫಜೀತಿಗೆಲ್ಲ ಕಾರಣ ಮೊಬೈಲಿಗೆ ಬಂದ ಒಂದೇ ಒಂದು ಸಾಲು: "ವಿಡಿಯೋ ಕರೆಯ ವೇಳೆ ಕೋಣೆಯಲ್ಲಿ ನೀವು ಒಬ್ಬರೇ ಇರಬೇಕು."

ಬಸವಕಲ್ಯಾಣದ ಆ ಓಣಿಯಲ್ಲಿ ಹುಟ್ಟಿದವನಿಗೆ ಒಬ್ಬನೇ ಇರುವುದು ಎಂದರೇನೆಂದು ಗೊತ್ತಿರಲಿಲ್ಲ. ನಲವತ್ನಾಲ್ಕು ವರ್ಷದಲ್ಲಿ ಅವನು ಒಬ್ಬನೇ ಇದ್ದದ್ದು ಬಚ್ಚಲಮನೆಯಲ್ಲಿ ಮಾತ್ರ. ಅಲ್ಲೂ ಯಾರಾದರೂ ಹೊರಗೆ ನಿಂತು "ನೀರ ಸಾಕೇನೊ?" ಎಂದು ಕೇಳುತ್ತಿದ್ದರು.

ಹುಮನಾಬಾದಿನ ಒಂದು ಬೇಳೆ ಗಿರಣಿಯಲ್ಲಿ ಅವನು ಲೆಕ್ಕ ಬರೆಯುವ ಮುನೀಮ. ಹಣ ಹೂಡುವುದು ಹೇಗೆ ಎಂದು ಮೂರು ವರ್ಷದಿಂದ ಓದುತ್ತಿದ್ದ. ಓದಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ 'ಹೂಡಿಕೆ ಶುರು ಮಾಡಲು ತಡ ಮಾಡಬಾರದು' ಎಂದಿತ್ತು. ಅದನ್ನು ಬರೆದೂ ಮೂರು ವರ್ಷವಾಗಿತ್ತು.

ಹೆಂಡತಿ ವಿದ್ಯಾವತಿ ಓಣಿಯವರ ಕುಪ್ಪಸ ಹೊಲಿದು ಹನ್ನೆರಡು ಸಾವಿರ ಉಳಿಸಿದ್ದಳು. ಆ ಬೆಳಿಗ್ಗೆ ಚಹಾದ ಜೊತೆಗೇ ಅವಳು ತೀರ್ಪು ಕೊಟ್ಟಳು.

"ಇವತ್ತ ಸಂಜಿ ಆರರ ತನಕ ನಿಮ್ಮ ಅಕೌಂಟ್ ಆತಂದ್ರ ಈ ರೊಕ್ಕ ನಿಮ್ಮ ಮ್ಯೂಚುವಲ್ ಫಂಡಿಗಿ. ಇಲ್ಲಾಂದ್ರ ಲಲಿತಾಬಾಯಿ ವೈನಿ ನಡೆಸೋ ಭಿಶಿಗಿ. ಅಲ್ಲಿ ತಿಂಗಳಾ ಎಲ್ಲಾರೂ ರೊಕ್ಕ ಕೂಡಿಸಿ ಚೀಟಿ ಎತ್ತತಾರ, ಬಂದದ್ದು ಕೈಯಾಗ ಬರತದ. ನಿಮ್ಮ ನೋಟಬುಕ್ ನೋಡಿ ನೋಡಿ ನನ್ನ ಕಣ್ಣ ಮಂಜ ಆಗ್ಯಾವ."

ಗುರುಶಾಂತನಿಗೆ ಇದು ಬರೀ ಹನ್ನೆರಡು ಸಾವಿರದ ಮಾತಾಗಿರಲಿಲ್ಲ. ಮನೆ ಅವ್ವನ ಹೆಸರಿನಲ್ಲಿತ್ತು. ಸ್ಕೂಟರು ಹೆಂಡತಿಯ ತಮ್ಮನ ಹೆಸರಿನಲ್ಲಿತ್ತು. ಅವನ ಹೆಸರಿನಲ್ಲಿ ಇದ್ದದ್ದು ಕರೆಂಟಿನ ಬಿಲ್ಲು ಮಾತ್ರ, ಅದೂ ತಿಂಗಳು ತಿಂಗಳು ಬೆಳೆಯುತ್ತಿತ್ತು. ಬೆಳೆಯುವಂಥ ಇನ್ನೊಂದು ಏನಾದರೂ ತನ್ನ ಹೆಸರಿನಲ್ಲಿ ಇರಲಿ ಎಂಬುದು ಅವನ ಆಸೆ.

ಉಳಿದಿದ್ದದ್ದು ವಿಡಿಯೋ ಕೆವೈಸಿ ಒಂದೇ. ಅರ್ಜಿ ಹಾಕಿದವನು ಅವನೇ ಹೌದೋ ಅಲ್ಲವೋ ಎಂದು ಕಂಪನಿಯವರು ಕರೆ ಮಾಡಿ ಮುಖ ನೋಡುತ್ತಾರೆ. ಮೂರು ಅವಕಾಶ. ಮೂರೂ ಕೆಟ್ಟರೆ ಆರು ತಿಂಗಳು ಕಾಯಬೇಕು.

ಹೊಲಿದ ಕುಪ್ಪಸ ಕೊಡಲು ವಿದ್ಯಾವತಿ ಹೊರಗೆ ಹೋದದ್ದೇ ತಡ, ಗುರುಶಾಂತ ಬಾಗಿಲು ಹಾಕಿ ಚಿಲಕ ಏರಿಸಿದ. ಮಾಡಿದ ತಪ್ಪು ಅದೇ. ಆ ಓಣಿಯಲ್ಲಿ ಹಗಲುಹೊತ್ತು ಬಾಗಿಲು ಹಾಕಿದೆ ಎಂದರೆ ಒಂದೋ ಯಾರಾದರೂ ಸತ್ತಿರಬೇಕು. ಇಲ್ಲವೇ ಗಂಡ ಹೆಂಡತಿ ಜಗಳವಾಡಿರಬೇಕು. ಅಳುವ ಸದ್ದು ಇಲ್ಲದ್ದರಿಂದ ಜಗಳವೇ ಎಂದು ಎದುರುಮನೆಯ ಲಲಿತಾಬಾಯಿ ತೀರ್ಮಾನಿಸಿದಳು. ಬಗೆಹರಿಸಲು ಹಿತ್ತಲ ಬಾಗಿಲಿನಿಂದ ಒಳಗೆ ಬಂದೇಬಿಟ್ಟಳು.

"ಪ್ಯಾನ್ ಕಾರ್ಡ್ ಮುಖದ ಪಕ್ಕ ಹಿಡಿಯಿರಿ ಸರ್," ಎಂದು ಮೊಬೈಲಿನಲ್ಲಿದ್ದ ಹುಡುಗಿ ಹೇಳುತ್ತಿದ್ದಳು. ಗುರುಶಾಂತ ಕಾರ್ಡು ಹಿಡಿದ. ಅವನ ಹೆಗಲ ಮೇಲೆ ಹುಣ್ಣಿಮೆ ಚಂದ್ರನಂತೆ ಇನ್ನೊಂದು ಮುಖ ಮೂಡಿತು.

"ಹೆಂಡತೀನ ಹೊರಗ ಹಾಕಿ ಈ ಪೋರಿ ಕೂಡ ಮಾತಾಡಾಕತ್ತೀ ಏನಪ?"

"ವೈನಿ, ಇದು ಕೆವೈಸಿ ಅದ."

"ಹೆಸರ ಏನರ ಇರಲಿ. ನೋಡ ತಂಗಿ, ಇವನಿಗಿ ಹತ್ತನೇ ಕ್ಲಾಸ್ ಓದೋ ಮಗಳ ಇದ್ದಾಳ. ನೀ ನೋಡಿದ್ರ ಒಳ್ಳೆ ಮನಿತನದಾಕಿ ಇದ್ದಂಗ ಕಾಣತಿ."

"ಸರ್, ಕೋಣೆಯಲ್ಲಿ ಬೇರೆಯವರು ಇದ್ದಾರೆ. ಕರೆ ಮುಗಿಸುತ್ತಿದ್ದೇನೆ," ಎಂದಿತು ಮೊಬೈಲು.

ಹುಮನಾಬಾದಿನ ಬಸ್ಸಿನಲ್ಲಿ ಕೂತು ಗುರುಶಾಂತ ಯೋಚಿಸಿದ. ಗಿರಣಿಯ ಗೋದಾಮಿಗೆ ಊಟದ ಹೊತ್ತಿನಲ್ಲಿ ಒಂದು ನರಪಿಳ್ಳೆಯೂ ಬರುವುದಿಲ್ಲ. ಅಲ್ಲೇ ಸರಿ.

ಒಂದೂವರೆಗೆ ಅವನು ತೊಗರಿ ಚೀಲಗಳ ನಡುವೆ ಕೂತ. ಈ ಸಲ ಸಿಕ್ಕವನು ಒಬ್ಬ ಹುಡುಗ.

"ತಲೆ ಎಡಕ್ಕೆ ತಿರುಗಿಸಿ ಸರ್. ಬಲಕ್ಕೆ. ಈಗ ಕಣ್ಣು ಮಿಟುಕಿಸಿ. ಪರದೆ ಮೇಲಿನ ಅಂಕಿ ಜೋರಾಗಿ ಓದಿ."

ಗುರುಶಾಂತ ಎಲ್ಲವನ್ನೂ ಮನಸ್ಸಿಟ್ಟು ಮಾಡಿದ. ಚೀಲಗಳ ಆಚೆ ಮಲಗಿದ್ದ ಹಮಾಲಿ ಅಬ್ದುಲ್ ಕರೀಂ ಎಚ್ಚರಾಗಿ ನೋಡಿದಾಗ ಅವನಿಗೆ ಮೊಬೈಲು ಕಾಣಲಿಲ್ಲ. ಕಂಡದ್ದು ಕತ್ತಲಲ್ಲಿ ಒಬ್ಬನೇ ಕೂತು ತಲೆ ಅತ್ತ ಇತ್ತ ತಿರುವುತ್ತ, ಕಣ್ಣು ಪಿಳಿಪಿಳಿ ಮಾಡುತ್ತ, "ಏಳು, ಎರಡು, ಒಂಬತ್ತು, ಏಳು" ಎಂದು ಒದರುವ ಮುನೀಮ.

"ಯಾ ಅಲ್ಲಾ, ಮುನೀಮ್ ಸಾಬಗ ಲಕ್ವಾ ಹೊಡದದ," ಎಂದು ಕರೀಂ ಎದ್ದು ಓಡಿಬಂದ. ಕ್ವಿಂಟಾಲು ಚೀಲ ಎತ್ತುವ ತೋಳಿಗೆ ಗುರುಶಾಂತ ಒಂದು ಭಾರವೇ? ಎತ್ತಿ ಹೆಗಲ ಮೇಲೆ ಹಾಕಿಕೊಂಡ.

"ಇಳಸೊ ಕರೀಂ, ನಾ ಅರಾಮ ಇದ್ದೀನಿ."

"ಲಕ್ವಾ ಹೊಡದವರು ಎಲ್ಲಾ ಹಿಂಗೇ ಅಂತಾರ ಸಾಬ್. ಮಾತಾಡಬ್ಯಾಡ್ರಿ, ಬಾಯಿ ಸೊಟ್ಟ ಆಗತದ."

ಮೊಬೈಲಿನ ಹುಡುಗನಿಗೆ ಮೊದಲು ಗೋದಾಮಿನ ಸೂರು, ಆಮೇಲೆ ಕರೀಮನ ಬೆನ್ನು, ಕೊನೆಗೆ ನೆಲ ಕಂಡಿತು. ಅವನು ಕರೆ ಮುಗಿಸಿದ. ಕರೀಂ ಮುನೀಮನ ತಲೆಯ ಮೇಲೆ ಒಂದು ಕೊಡ ನೀರು ಹಾಕಿದ. ಗಿರಣಿ ಮಾಲೀಕರು ಬಂದು ನೋಡಿ, "ಮನೀಗಿ ಹೋಗ್ರಿ, ಎರಡ ದಿನ ಬರಬ್ಯಾಡ್ರಿ," ಎಂದು ಕಳಿಸಿದರು.

ನಾಲ್ಕೂವರೆಗೆ ಒದ್ದೆ ತಲೆಯಲ್ಲಿ ಓಣಿಗೆ ಬಂದರೆ ಜನ ದಾರಿ ಕಾಯುತ್ತಿದ್ದರು. ವಿದ್ಯಾವತಿ ಎಲ್ಲ ಬಿಡಿಸಿ ಹೇಳಿದ್ದಳು. ಲಲಿತಾಬಾಯಿಯ ಮುಖ ಸಣ್ಣದಾಗಿತ್ತು.

"ನಂದ ತಪ್ಪಾತಪ. ಆ ಪೋರಿಗಿ ಏನೇನೋ ಅಂದೆ. ಈಗ ನೀ ಒಳಗ ಕೂಡ. ನಿನಗ ಐದ ಮಿನಿಟ ಏಕಾಂತ ಕೊಡೋದು ಈ ಓಣಿ ಜಿಮ್ಮೇದಾರಿ."

ಭಿಶಿ ನಡೆಸಿ ಪಳಗಿದ ಕೈ ಅದು. ಕುರಿ ಸಾಕುವ ಪಂಡರಿ ತನ್ನ ಹಿಂಡನ್ನು ಕೋಟೆಯ ಕಡೆ ಹೊಡೆದು ಬಂದ. ಹಿಟ್ಟಿನ ಗಿರಣಿ ನಿಂತಿತು. ಎಲ್ಲ ಮನೆಯ ಕುಕ್ಕರುಗಳೂ ಒಲೆಯಿಂದ ಇಳಿದವು. ಗೋಡೆಯ ಮೇಲೆ ಹದಿನಾಲ್ಕು ಕ್ಯಾಲೆಂಡರುಗಳಿದ್ದವು, ಆದರೆ ಮುಖದ ಹಿಂದೆ ಬರೀ ಬಿಳಿ ಬಣ್ಣ ಕಾಣಬೇಕೆಂದು ಕಂಪನಿ ಹೇಳಿತ್ತು. ವಿದ್ಯಾವತಿ ಬಿಳಿ ಚಾದರ ತಂದು ಒಂದು ತುದಿ ಮೊಳೆಗೆ ಸಿಕ್ಕಿಸಿದಳು. ಇನ್ನೊಂದು ತುದಿ ಮುಟ್ಟುವಲ್ಲಿ ಮೊಳೆ ಇರಲಿಲ್ಲ. ಆ ತುದಿ ಹಿಡಿದು ತಾನೇ ಚಾದರದ ಮರೆಯಲ್ಲಿ ನಿಂತಳು.

ಹೊರಗೆ ಹದಿನೈದು ಜನ ಬಾಯಿ ಮೇಲೆ ಕೈ ಇಟ್ಟು ಕೂತರು. ಒಬ್ಬ ಮುದುಕನಿಗೆ ಕೆಮ್ಮು ಬಂತು. ಪಂಡರಿ ಅವನನ್ನು ಕೈಹಿಡಿದು ಮೂಲೆಯ ತನಕ ಕರೆದೊಯ್ದು ಕೆಮ್ಮಿಸಿ ಕರೆತಂದ.

ಒಳಗೆ ಗುರುಶಾಂತ ತಲೆ ತಿರುಗಿಸಿದ, ಕಣ್ಣು ಮಿಟುಕಿಸಿದ, ಅಂಕಿ ಓದಿದ, ಬಿಳಿ ಹಾಳೆಯ ಮೇಲೆ ಸಹಿ ಮಾಡಿ ತೋರಿಸಿದ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

"ಕರೆ ಮುಗಿಯಿತು ಸರ್. ಪರಿಶೀಲಿಸಿ ಮೆಸೇಜ್ ಕಳಿಸ್ತೀವಿ. ಧನ್ಯವಾದ."

ಬಾಗಿಲು ತೆರೆದಾಗ ಎದ್ದ ಚಪ್ಪಾಳೆಗೆ ಕೋಟೆಯ ಪಾರಿವಾಳಗಳೆಲ್ಲ ಹಾರಿಹೋದವು.

"ಇಷ್ಟ ಸಸಾರ ಅದ ಅಂದ್ರ ನಂದೂ ಮಾಡ್ರಿ ಅಣ್ಣಾರ," ಎಂದ ಪಂಡರಿ. "ಆಧಾರ ಅದ, ಪ್ಯಾನ್ ಅದ. ಚಾದರಾನೂ ಕಟ್ಟೇ ಅದ."

ಯಾರೋ ಕುರ್ಚಿ ತಂದಿಟ್ಟರು. ಮೂರು ವರ್ಷ ಯಾರೂ ಕೇಳದ ನೋಟುಬುಕ್ಕನ್ನು ಗುರುಶಾಂತ ತೆರೆದ. ಮನೆ ಖರ್ಚಿನ ಆರು ತಿಂಗಳ ರೊಕ್ಕ ಮೊದಲು ಬ್ಯಾಂಕಿನಲ್ಲಿ ಬೇರೆ ಇಡಬೇಕು. ನಾಳೆ ನಾಡಿದ್ದು ಬೇಕಾಗುವ ಹಣ ಷೇರಿಗೆ ಹಾಕಬಾರದು. ಇಷ್ಟೇ ಲಾಭ ಖಾತ್ರಿ ಎಂದು ಯಾರಾದರೂ ಹೇಳಿದರೆ ಎದ್ದು ಬರಬೇಕು. ಅವನು ಹೇಳುತ್ತ ಹೋದ, ಓಣಿ ಕೇಳುತ್ತ ಹೋಯಿತು. ನಡುನಡುವೆ "ಇದು ನನಗ ತಿಳಿದಷ್ಟು, ತಪ್ಪಿದ್ರೂ ಇರಬಹುದು," ಎಂದು ಅವನು ಸೇರಿಸಿದಷ್ಟೂ ಜನರಿಗೆ ನಂಬಿಕೆ ಹೆಚ್ಚಿತು.

ಹೆಂಡತಿಯ ಕೈ ನೋಯಬಾರದೆಂದು ತಾನೇ ಸುತ್ತಿಗೆ ತಂದು ಚಾದರದ ಇನ್ನೊಂದು ತುದಿಗೂ ಮೊಳೆ ಹೊಡೆದ. ಅವರವರ ಮೊಬೈಲಿನಲ್ಲೇ ಅರ್ಜಿ ತುಂಬಿಸಿ, ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಬಾಗಿಲು ಹಾಕಿ, ಕಾವಲು ನಿಂತ. ಪಂಡರಿ ಹೋಗಿ ಬಂದ. ಲಲಿತಾಬಾಯಿ ಹೋಗಿ, ಕರೆ ಮಾಡಿದ ಹುಡುಗಿಗೆ ಮದುವೆ ಆಗಿದೆಯೋ ಇಲ್ಲವೋ ಕೇಳಿಕೊಂಡು ಬಂದಳು. ಕೊನೆಗೆ ವಿದ್ಯಾವತಿಯೂ ಸೆರಗು ಸರಿಮಾಡಿಕೊಂಡು, "ಹಂಗ ಸುಮ್ಮನ ನೋಡೂಣು," ಎಂದು ಒಳಗೆ ಹೋದಳು.

ಆರಕ್ಕೆ ಹತ್ತು ನಿಮಿಷವಿದ್ದಾಗ ಮೆಸೇಜುಗಳು ಬರತೊಡಗಿದವು. ಪಂಡರಿಯದು ಆಯಿತು. ಲಲಿತಾಬಾಯಿಯದು ಆಯಿತು. ವಿದ್ಯಾವತಿಯದೂ ಆಯಿತು. ಸಂತೋಷ ತಡೆಯಲಾರದೆ ಪಂಡರಿ ತನ್ನ ಕಂಬಳಿಯನ್ನೇ ಗುರುಶಾಂತನಿಗೆ ಹೊದಿಸಿ ಸನ್ಮಾನ ಮಾಡಿದ. ಕಂಬಳಿಯೊಳಗಿಂದ ಗುರುಶಾಂತನ ಮೊಬೈಲು ಟಿಣ್ ಎಂದಿತು.

'ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಕಾರಣ: ಹಿನ್ನೆಲೆಯಲ್ಲಿ ಇನ್ನೊಬ್ಬರ ಕೈ ಕಾಣುತ್ತಿದೆ. ಆರು ತಿಂಗಳ ನಂತರ ಪ್ರಯತ್ನಿಸಿ.'

ಎಲ್ಲರೂ ವಿದ್ಯಾವತಿಯ ಕೈ ನೋಡಿದರು. ಅವಳು ಹಸಿರು ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇರಲಿ ಬಿಡಪ," ಎಂದಳು ಲಲಿತಾಬಾಯಿ. "ಓಣಿಯೆಲ್ಲಾ ನಿನ್ನ ಮಾತ ಹಿಡದದ. ಭಿಶಿ ಸೋತತು, ನೀ ಗೆದ್ದಿ. ನಿನ್ನ ರೊಕ್ಕ ಅವನ ಫಂಡಿಗೇ ಹೋಗಲಿ ವಿದ್ಯಾವತಿ."

ವಿದ್ಯಾವತಿ ನೋಟುಬುಕ್ಕಿನಲ್ಲಿ ಗಂಡ ಗುರುತು ಮಾಡಿದ್ದ ಫಂಡನ್ನೇ ಹುಡುಕಿ, ತನ್ನ ಖಾತೆಯಿಂದ ಹನ್ನೆರಡು ಸಾವಿರ ಹಾಕಿದಳು. ಓಣಿ ಮತ್ತೆ ಚಪ್ಪಾಳೆ ತಟ್ಟಿತು. ಆಮೇಲೆ ಅವಳು ಮೊಬೈಲನ್ನು ಗಂಡನ ಮುಂದೆ ಹಿಡಿದಳು.

"ಬ್ಯಾಸರ ಮಾಡಕೋಬ್ಯಾಡ್ರಿ. ನಿಮ್ಮ ಹೆಸರೂ ಹಾಕೀನಿ, ನೋಡ್ರಿ."

ಗುರುಶಾಂತನ ಮುಖ ಅರಳಿತು. ಅವನ ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದಕ್ಷರ ತಪ್ಪಿಲ್ಲದೆ ಅಲ್ಲಿತ್ತು. ನಾಮಿನಿ ಎಂಬ ಜಾಗದಲ್ಲಿ. ಖಾತೆ ಇದ್ದವರು ತೀರಿಕೊಂಡ ಮೇಲೆ ಹಣ ಯಾರಿಗೆ ಹೋಗಬೇಕೋ ಅವರು. ಇದನ್ನು ಅರ್ಧ ಗಂಟೆಯ ಹಿಂದೆ ಓಣಿಗೆಲ್ಲ ಬಿಡಿಸಿ ಹೇಳಿದವನು ಅವನೇ.

ಅವನು ಹೆಂಡತಿಯನ್ನು ನೋಡಿದ. ಅವನಿಗಿಂತ ಎಂಟು ವರ್ಷಕ್ಕೆ ಸಣ್ಣವಳು. ದಿನಾ ಬೆಳಿಗ್ಗೆ ಕೆರೆಯ ತನಕ ನಡೆದು ಬರುವವಳು. ಒಂದು ದಿನ ನೆಗಡಿ ಎಂದು ಮಲಗಿದವಳಲ್ಲ.

"ಚಿಂತಿ ಮಾಡಬ್ಯಾಡ್ರಿ," ಎಂದು ವಿದ್ಯಾವತಿ ಪ್ರೀತಿಯಿಂದ ಸಮಾಧಾನ ಹೇಳಿದಳು. "ನಮ್ಮ ಮನಿತನದಾಗ ಯಾರೂ ಲಗೂನ ಹೋಗಂಗಿಲ್ಲ. ನಮ್ಮ ಆಯಿ ತೊಂಬತ್ತಾರಕ್ಕೂ ಮಂಠಾಳದಾಗ ತೊಗರಿ ಕೇರಾಕತ್ತಾಳ."