ಮುದಕಪ್ಪನೆಂಬ ಕಲ್ಪಿತ ಓದುಗನನ್ನು ಹಿಂತೆಗೆದುಕೊಳ್ಳುವ ಬಗ್ಗೆ

ಸಂಖ್ಯೆ: ಕ.ಓ./ಹೆಸರು/೪೧/೭೯–೮೦
ಜಮಖಂಡಿ, ದಿನಾಂಕ ೧೧–೧೦–೧೯೭೯

ಸುತ್ತೋಲೆ

ವಿಷಯ: ವಯಸ್ಕರ ಪಾಠಗಳಲ್ಲಿ ಬರುವ ಕಲ್ಪಿತ ಓದುಗರಿಗೆ ಯಾರಿಗೂ ನೋವಾಗದ ಹೆಸರು ಮತ್ತು ಎಲ್ಲರಿಗೂ ಸಲ್ಲುವ ಸರ್ವನಾಮ ಗೊತ್ತುಪಡಿಸುವುದು.

ಉಲ್ಲೇಖ: ಇದೇ ವಿಷಯದ ಹಿಂದಿನ ಮೂರು ಸುತ್ತೋಲೆಗಳು (ಮೂರನ್ನೂ ರದ್ದುಪಡಿಸಿದೆ).

ಪಾಠ ಬರೆಯುವವರು ಎದುರಿಗೆ ಒಬ್ಬ ಓದುಗನನ್ನು ಕಲ್ಪಿಸಿಕೊಂಡು, ಅವನಿಗೊಂದು ಹೆಸರಿಟ್ಟು, ಅವನನ್ನೇ ಮಾತನಾಡಿಸಿದಂತೆ ಬರೆಯಬೇಕೆಂದು ಮೇಲಿನವರ ಆದೇಶವಾದ ಮೇರೆಗೆ, ಈ ಕಚೇರಿಯು ಮುದಕಪ್ಪ ಎಂಬ ಓದುಗನನ್ನು ಕಲ್ಪಿಸಿತ್ತು. "ಮುದಕಪ್ಪಾ, ನೀನು ಹೊಲಕ್ಕೆ ಹೋಗು. ಪಂಪು ಚಾಲೂ ಮಾಡು" ಎಂದು ಪಾಠ ಆರಂಭವಾಗುತ್ತಿತ್ತು. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ಕೇಂದ್ರಗಳಿಗೆಲ್ಲ ಇವನೊಬ್ಬನೇ ಸಾಕೆಂದು ಭಾವಿಸಲಾಗಿತ್ತು. ಸಾಕಾಗಲಿಲ್ಲ. ಆದಕಾರಣ ಅವನನ್ನು ಹಿಂತೆಗೆದುಕೊಂಡು, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

೧. ಹಿಪ್ಪರಗಿಯ ಹೆಣ್ಣುಮಕ್ಕಳ ತರಗತಿಯಲ್ಲಿ ಯಂಕವ್ವ ಎಂಬುವವಳು ಓದಿನ ಪರೀಕ್ಷೆಗೆ ಕುಳಿತಳು. ಇವಳು ಪಾಸಾದರೆ ಮನೆಯೆದುರಿನ ಬಾಲವಾಡಿಗೆ ಸಹಾಯಕಿಯಾಗಿ ನೇಮಿಸಬೇಕೆಂದೂ, ಓದು ಬಾರದಿದ್ದರೆ ನೇಮಿಸಕೂಡದೆಂದೂ ಠರಾವಾಗಿದೆ. ಅಲ್ಲಿಯವರೆಗೆ ಬಾಲವಾಡಿಗೆ ಬೀಗ. ಬೀಗದ ಕೈ ಇವಳ ಮನೆಯ ಗೂಟಕ್ಕೆ. ಪುಸ್ತಕ ಕೈಗೆ ಕೊಡುವ ಮೊದಲೇ ಇವಳು ಎದುರುಗೋಡೆಯ ಮಲೇರಿಯಾ ಫಲಕವನ್ನು, ಯಾರೂ ಕೇಳದಿದ್ದರೂ, ಕಡೆಯವರೆಗೆ ಓದಿದಳು. ಆದರೆ ಪಾಠದ ಮೊದಲ ಪದಕ್ಕೆ ಬಂದಾಗ ಬಾಯಿ ಮುಚ್ಚಿದಳು. ಅದು ಅವಳ ಗಂಡನ ಹೆಸರಾಗಿತ್ತು. "ಇದೊಂದ ಬಿಟ್ಟು ಓದತೇನ್ರಿ. ಅವರ ಹೆಸರು ನನ್ನ ಬಾಯಿಲೆ ಹ್ಯಾಂಗ ಬಂದೀತು? ಅದೂ ಹೋಗು, ಮಾಡು ಅಂತ" ಎಂದು ಹೇಳಿಕೆ ನೀಡಿರುತ್ತಾಳೆ. ಬೇಕಾದರೆ ಬರೆದು ತೋರಿಸುವುದಾಗಿಯೂ ಹೇಳಿದಳು. ಬರೆಯುವುದು ಓದಿನ ಪರೀಕ್ಷೆಯಲ್ಲಿ ಇಲ್ಲದ ಕಾರಣ, ಪರೀಕ್ಷಕರು "ಮೊದಲ ಪದವೇ ಬರುವುದಿಲ್ಲ, ನಿರಕ್ಷರಿ" ಎಂದು ಷರಾ ಬರೆದು ಮಧ್ಯಾಹ್ನದ ಬಸ್ಸಿಗೆ ಹೊರಟರು.

೨. ಇನ್ನು ಮುಂದೆ ಕಲ್ಪಿತ ಓದುಗನ ಹೆಸರು ತರಗತಿಯ ಯಾವ ಹೆಣ್ಣುಮಗಳ ಗಂಡ, ಮಾವ ಅಥವಾ ಭಾವನ ಹೆಸರೂ ಆಗಿರಕೂಡದು. ಈ ಬಗ್ಗೆ ಪ್ರತಿಯೊಬ್ಬಳೂ ಸದರಿ ಹೆಸರುಗಳನ್ನು ಬಾಯಿಂದ ಹೇಳಿ ತಿಳಿಸತಕ್ಕದ್ದು. ಹೇಳಲು ಒಪ್ಪದಿದ್ದಲ್ಲಿ ನೆರೆಮನೆಯವಳು ಹೇಳತಕ್ಕದ್ದು. ನೆರೆಮನೆಯವಳು ಓರಗಿತ್ತಿಯೇ ಆಗಿದ್ದಲ್ಲಿ ಇಬ್ಬರೂ ಮುಂದಿನ ಆದೇಶದವರೆಗೆ ಕಾಯತಕ್ಕದ್ದು.

೩. ಬದಲಿ ಹೆಸರುಗಳ ಸ್ಥಿತಿಗತಿ ಹೀಗಿದೆ. ಹುಲೆಪ್ಪ: ಬೀಳಗಿಯಲ್ಲಿ ಈ ಹೆಸರಿನ ಹಿರಿಯರೊಬ್ಬರು ಅರ್ಧ ಓಣಿಗೆ ಮಾವನಾಗಬೇಕಾದ್ದರಿಂದ ಅರ್ಧ ತರಗತಿ ಎದ್ದು ಹೋಯಿತು. ಜಿನೇಂದ್ರ: "ಜಿನೇಂದ್ರಾ, ನೀರು ಸೋಸಿ ಕುಡಿಯುವುದನ್ನು ಕಲಿ" ಎಂಬ ವಾಕ್ಯವನ್ನು, ಅಜ್ಜ-ಮುತ್ತಜ್ಜರ ಕಾಲದಿಂದ ಸೋಸಿಯೇ ಕುಡಿಯುತ್ತಿರುವ ತೇರದಾಳದ ಜೈನ ಮನೆತನಗಳಿಗೆ ಕಳಿಸಿದವರು ಯಾರೆಂದು ವಿಚಾರಣೆ ನಡೆದಿದೆ. ಬಾಳು: ಮುಧೋಳದಲ್ಲಿ ಇದು ಒಂದು ಬೇಟೆ ನಾಯಿಯ ಹೆಸರಾಗಿದ್ದು, ಓದು ಬಾರದವನಿಗೆ ತಮ್ಮ ನಾಯಿಯ ಹೆಸರಿಟ್ಟಿದ್ದಕ್ಕೆ ಮಾಲೀಕರು ಲಿಖಿತ ಆಕ್ಷೇಪ ಸಲ್ಲಿಸಿದ್ದಾರೆ.

೪. ಸರ್ವನಾಮದ ಬಗ್ಗೆ. ‘ಅವನು’ ಎಂದರೆ ಹೆಂಗಸರು ಹೊರಗುಳಿಯುತ್ತಾರೆ. ‘ಅವನು ಅಥವಾ ಅವಳು’ ಎಂದರೆ ಸಾಲು ಪುಟದ ಅಂಚು ದಾಟುತ್ತದೆ. ‘ಅವರು’ ಎಂದೊಡನೆ ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳೆಲ್ಲ ಗಂಡ ಬಂದನೆಂದು ಬಾಗಿಲ ಕಡೆ ನೋಡಿ ಸೆರಗು ಸರಿಮಾಡಿಕೊಂಡರು. ಲೆಕ್ಕಪತ್ರ ಶಾಖೆಯು ಸೂಚಿಸಿದ ‘ಅದು’ ಎಲ್ಲರಿಗೂ ಸಮಾನವಾಗಿ ಸಲ್ಲುತ್ತದಾದರೂ, ಮೊದಲು ಆ ಶಾಖೆಯ ಮುಖ್ಯಸ್ಥರ ಮೇಲೆ ಪ್ರಯೋಗಿಸಿ ನೋಡುವಂತೆ ಕೋರಲಾಗಿದೆ. ಬೇರೆ ದಾರಿ ಕಾಣದೆ ‘ನೀವು’ ಎಂದು ಗೊತ್ತುಪಡಿಸಲಾಗಿದೆ.

೫. ಹೆಸರುಗಳೆಲ್ಲ ಮುಗಿದ ಕಾರಣ, ಹೆಸರಿನ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಡಲಾಯಿತು. ಓದುವವರು ತಮಗೆ ಅಡ್ಡಿಯಿಲ್ಲದ ಹೆಸರನ್ನು ಅಲ್ಲಿ ಮನಸ್ಸಿನಲ್ಲೇ ತುಂಬಿಕೊಳ್ಳಬೇಕಾಗಿತ್ತು. ಇದನ್ನು ಹಿಪ್ಪರಗಿಯಲ್ಲೇ ಪ್ರಯೋಗಿಸಿದಾಗ ಯಂಕವ್ವ ಶಿಕ್ಷಕಿಯಿಂದ ಪೆನ್ಸಿಲ್ ಇಸಿದುಕೊಂಡು, ಗೆರೆಯ ಮೇಲೆ ತನ್ನ ಹೆಸರನ್ನೇ ಬರೆದಳು. "ಯಂಕವ್ವಾ, ನೀವು ಹೊಲಕ್ಕೆ ಹೋಗಿರಿ. ಪಂಪು ಚಾಲೂ ಮಾಡಿರಿ" ಎಂದು ಆರಂಭಿಸಿ, ಎಲ್ಲಿಯೂ ನಿಲ್ಲದೆ ಪಾಠ ಮುಗಿಸಿದಳು. ಆಮೇಲೆ, "ನನಗ ಇಲ್ಲೀತನಕ ಯಾರೂ ನೀವು ಅಂದಿದ್ದಿಲ್ರಿ. ಇನ್ನೊಮ್ಮಿ ಓದಲೇನ್ರಿ?" ಎಂದು ಕೇಳಿರುತ್ತಾಳೆ. ಆಗ ತಮ್ಮ ಕಣ್ಣು ತುಂಬಿ ಬಂತೆಂದು ಶಿಕ್ಷಕಿ ಅನುಸೂಯಾ ಇವರು ವರದಿ ಮಾಡಿದ್ದಾರೆ. ವರದಿಯಲ್ಲಿ ಕಣ್ಣಿನ ವಿಷಯ ಬರೆಯಕೂಡದೆಂದು ಇವರಿಗೆ ಎಚ್ಚರಿಕೆ ನೀಡಲಾಗಿದೆ.

೬. ಪಂಪು ಚಾಲೂ ಮಾಡುವವನು ಗಂಡಸೆಂದು ಈ ಕಚೇರಿಯು ಕಲ್ಪಿಸಿರುವುದರಿಂದ, ಯಂಕವ್ವ ಆ ಪಾಠದ ಓದುಗಿಯಾಗಲು ಬರುವುದಿಲ್ಲ. ಅವಳ ಮನೆಯ ಪಂಪನ್ನು ದಿನವೂ ಚಾಲೂ ಮಾಡುವವಳು ಅವಳೇ ಎಂಬ ಶಿಕ್ಷಕಿಯ ಟಿಪ್ಪಣಿಯನ್ನು ಗಮನಿಸಿ, ಗಮನಿಸಿಲ್ಲವೆಂದು ದಾಖಲಿಸಲಾಗಿದೆ.

೭. ಯಂಕವ್ವಳಿಗೆ ಓದು ಬರುತ್ತದೆ ಎಂಬುದರಲ್ಲಿ ಈ ಕಚೇರಿಗೆ ಸಂಶಯವಿಲ್ಲ. ಆದರೆ ಮೊದಲಿನ ಷರಾ ತಿದ್ದಬೇಕಾದರೆ ಅವಳು ಖುದ್ದಾಗಿ ಜಮಖಂಡಿಗೆ ಬಂದು, ತಾನು ಇಂಥವನ ಹೆಂಡತಿಯೆಂದು ಗಂಡನ ಹೆಸರನ್ನು ಅಧಿಕಾರಿಯ ಎದುರು ಬಾಯಿಬಿಟ್ಟು ಹೇಳತಕ್ಕದ್ದು. ಅಲ್ಲಿಯವರೆಗೆ ಅವಳನ್ನು ನಿರಕ್ಷರಿಯೆಂದೇ ಭಾವಿಸತಕ್ಕದ್ದು, ಬಾಲವಾಡಿಯನ್ನು ತೆರೆಯಕೂಡದು.

ಈ ಸುತ್ತೋಲೆ ಅರ್ಥವಾದವರು ಪಾಲಿಸತಕ್ಕದ್ದು. ಅರ್ಥವಾಗದವರು ಕೂಡಲೇ ಪಾಲಿಸತಕ್ಕದ್ದು.

ಸಹಿ/–
(ಪರಮಾನಂದ)
ಶಾಖಾಧಿಕಾರಿ ಹಾಗೂ ಓದಿನ ಪರೀಕ್ಷಕರು,
ಕಲ್ಪಿತ ಓದುಗರ ಶಾಖೆ

ಪ್ರತಿಗಳು:
೧. ಎಲ್ಲ ಕೇಂದ್ರಗಳ ಶಿಕ್ಷಕ-ಶಿಕ್ಷಕಿಯರಿಗೆ, ಕಣ್ಣೊರೆಸಿಕೊಂಡು ಓದುವುದಕ್ಕಾಗಿ.
೨. ಲೆಕ್ಕಪತ್ರ ಶಾಖೆಯ ಮುಖ್ಯಸ್ಥರಿಗೆ, ಅದಕ್ಕೆ ಗೊತ್ತಿರಲೆಂದು.
೩. ಬಾಳುವಿನ ಮಾಲೀಕರಿಗೆ, ಕ್ಷಮೆಯೊಂದಿಗೆ.
೪. ಯಂಕವ್ವ, ಹಿಪ್ಪರಗಿ. ನಿರಕ್ಷರಿಯಾಗಿರುವುದರಿಂದ ಯಾರಾದರೂ ಓದಿ ಹೇಳತಕ್ಕದ್ದು.

(ಕ್ರಮಾಂಕ ೪ರ ಪ್ರತಿಯು ಕೆಳಗಿನ ಪೆನ್ಸಿಲ್ ಬರಹದೊಂದಿಗೆ ಮರಳಿ ಬಂದಿದ್ದು, ಕಡತಕ್ಕೆ ಸೇರಿಸಿದೆ: "ನಾನ ಓದೇನ್ರಿ. ಸಣ್ಣ ಹುಡುಗ್ರು ಬಂದು ಬಿಸಲಾಗ ನಿಂದ್ರತಿದ್ವು, ಅದಕ್ಕ ಬಾಲವಾಡಿ ಬಾಗಲಾ ಸೋಮವಾರದಿಂದ ನಾನ ತಗೀಲಾಕತ್ತೇನಿ. ನಿಮ್ಮ ಕಾಗದದಾಗ ನನಗ ಎಲ್ಲಾ ಕಡೆ ಅವಳು, ಇವಳು ಅಂತ ಬರದಿದ್ರಿ. ಅವರು, ಇವರು ಅಂತ ತಿದ್ದಿ ಕಳಿಸೇನಿ. — ಯಂಕವ್ವ.")