ನಡುಮನೆಯ ದೀಪಕ್ಕೆ ಮಾವನ ಟ್ರಯಲ್ ಪ್ಲಾಟು

ಹಿರಿಯೂರಿನಲ್ಲಿ ಕತ್ತಲೆಯ ಮೇಲೆ ಸ್ವಂತ ಹಗೆ ಸಾಧಿಸುತ್ತಿರುವ ಮನುಷ್ಯ ಒಬ್ಬನೇ ಒಬ್ಬ. ಆತ ನನ್ನ ಸೋದರಮಾವ! ಉಳಿದವರು ಕತ್ತಲಾದರೆ ದೀಪ ಹಾಕಿಕೊಂಡು ಸುಮ್ಮನಿರುತ್ತಾರೆ. ನಮ್ಮ ಮಾವ ಕತ್ತಲೆಯ ಮೇಲೆ ಕೋರ್ಟಿನಲ್ಲಿ ಕೇಸು ಹಾಕುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದಾನೆ.

ಹಗೆಗೆ ಕಾರಣವಿದೆ. ಅವರ ನಡುಮನೆಗೆ ಕಿಟಕಿಯಿಲ್ಲ. ಸಂಜೆ ಹಿತ್ತಿಲಲ್ಲಿ ಕೈಕಾಲು ತೊಳೆದು ಬರುವ ಅತ್ತೆ ಆ ಕತ್ತಲನ್ನು ದಾಟಿ, ಆ ತುದಿಯಲ್ಲಿರುವ ದೇವರ ಗೂಡಿನ ಪಕ್ಕದ ಸ್ವಿಚ್ಚು ಒತ್ತಿ, ಬಲ್ಬು ಹತ್ತಿದ ಕೂಡಲೇ ಕೈಮುಗಿಯಬೇಕು. ಮದುವೆಯಾಗಿ ಬಂದ ದಿನದಿಂದ ಇದೇ ಪದ್ಧತಿ. ಹೋದ ವರ್ಷ ಶ್ರಾವಣದಲ್ಲಿ ಹೊಸಿಲು ಎಡವಿ ಬಿದ್ದು ಬಲಗೈ ಮುರಿದುಕೊಂಡಳು.

"ಇನ್ನೊಂದ್ಸಲ ನೀನು ಕತ್ಲಾಗೆ ಕಾಲಿಟ್ಟೀಯ ಅಂದ್ರೆ ನೋಡು!" ಎಂದ ಮಾವ.

"ಹಂಗಂತ ದೀಪ ನಾನು ಹಚ್ಚಬ್ಯಾಡ್ವಾ?" ಎಂದಳು ಅತ್ತೆ.

ಸ್ವಿಚ್ಚನ್ನು ಈಚೆ ಬಾಗಿಲಿಗೆ ತಂದರೆ ಮುಗಿಯಿತಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದೇವ್ರು ಆ ಕಡೆ ಅವ್ನೆ. ನಾನು ಈ ಕಡೆ ದೀಪ ಹಚ್ಚಿ, ಹಚ್ಚೀನಿ ನೋಡಪ್ಪ ಅಂತ ಕೂಗಿ ಹೇಳ್ಲಾ ಅವ್ನಿಗೆ?"

ಮಾವನದು ಬೀಜ-ಗೊಬ್ಬರದ ಅಂಗಡಿ. ಹೊಸ ತಳಿ ಬಂದರೆ ರೈತರಿಗೆ ಅವನು ಹೇಳುವ ಮಾತು ಒಂದೇ: "ನನ್ ಮಾತು ನಂಬಬ್ಯಾಡ್ರಿ. ಮೊದ್ಲು ಅರ್ಧ ಎಕರೆಗೆ ಹಾಕಿ ನೋಡ್ರಿ." ಅಂಥವನು, ಕತ್ತಲೆಗೆ ಮದ್ದು ಸ್ಮಾರ್ಟ್ ಬಲ್ಬೋ, ಸ್ಮಾರ್ಟ್ ಸ್ವಿಚ್ಚೋ ಎಂಬ ಪ್ರಶ್ನೆಯನ್ನು ಸುಮ್ಮನೆ ಬಿಟ್ಟಾನೆಯೇ? ಮನೆಯನ್ನೇ ಟ್ರಯಲ್ ಪ್ಲಾಟು ಮಾಡಿದ! ನಡುಮನೆಗೂ ರೂಮಿಗೂ ಫೋನಿನ ಮಾತು ಕೇಳುವ ಬಲ್ಬು. ಪಡಸಾಲೆಗೂ ಅಡುಗೆಮನೆಗೂ ಫೋನಿನ ಮಾತು ಕೇಳುವ ಸ್ವಿಚ್ಚು. ಬಚ್ಚಲಿಗೆ ಏನೂ ಇಲ್ಲ. ಹೋಲಿಸಿ ನೋಡಲು ಗೊಬ್ಬರ ಹಾಕದ ತಾಕು ಒಂದಿರಬೇಕಂತೆ! ಪ್ರತಿ ಬಾಗಿಲಿಗೂ ಹೊಲದ ಬದುವಿನಲ್ಲಿ ನೆಡುವಂಥ ಬೋರ್ಡು: ತಳಿ, ಹಾಕಿದ ದಿನ, ಷರಾ.

ಬಲ್ಬಿನ ಬೆಳೆ ಮೊದಲ ವಾರ ಚೆನ್ನಾಗಿಯೇ ಬಂತು. ಹೊತ್ತು ಮುಳುಗುತ್ತಿದ್ದಂತೆ ನಡುಮನೆ ತಾನಾಗಿಯೇ ಬೆಳಗುತ್ತಿತ್ತು. ರೋಗ ತಗುಲಿದ್ದು ಗೋಡೆಯಿಂದ. ಈ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಹಾಕಿಯೇ ಇರಬೇಕು. ಅದನ್ನು ಆರಿಸಿದರೆ ಫೋನು ಎಷ್ಟು ಕೂಗಿದರೂ ಬಲ್ಬಿಗೆ ಕಿವುಡು. ಆದರೆ ನಮ್ಮ ವಂಶದವರ ಕೈ ಎಂಥದ್ದು? ಎದ್ದು ಹೊರಗೆ ಬರುವಾಗ ಸ್ವಿಚ್ಚು ಆರಿಸಿಯೇ ಬರುವ ಕೈ! ಐಮಂಗಲದ ಮದುವೆಯೊಂದರಲ್ಲಿ ಉಂಡು ಏಳುವಾಗ ಊಟದ ಹಾಲಿನ ಲೈಟನ್ನೇ ಆರಿಸಿ ಬೈಸಿಕೊಂಡವರು ನಾವು. ಮಾವ ಸ್ವಿಚ್ಚುಗಳ ಮೇಲೆ ಬಿಳಿ ಟೇಪು ಅಂಟಿಸಿದ. ಆದಿವಾಲದಿಂದ ಬಂದ ನನ್ನ ದೊಡ್ಡಮ್ಮ, ಅಂದರೆ ಅವನ ಅಕ್ಕ, ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಲೇ, ಗೋಡೆದೂ ಕೈ ಮುರಿದೈತೇನಲೇ, ಪಟ್ಟಿ ಕಟ್ಟೀಯ?" ಎಂದು ಟೇಪು ಕಿತ್ತು ಸ್ವಿಚ್ಚು ಆರಿಸಿಯೇ ಮುಂದೆ ಹೋದಳು.

ಅತ್ತೆಯ ದೂರು ಬೇರೆ. "ತಾನೇ ಹತ್ಕಂಡ ದೀಪಕ್ಕೆ ಹೆಂಗ್ರೀ ಕೈ ಮುಗೀಲಿ? ನಾನು ಹಚ್ಚೇ ಇಲ್ವಲ್ಲ!" ಅಷ್ಟು ಹೇಳುವಾಗ ಅವಳ ಮುಖ ನಿಜಕ್ಕೂ ಸಣ್ಣದಾಗಿತ್ತು. ಮಾವ ಹೋಗಿ ಬೋರ್ಡಿನ ಷರಾದಲ್ಲಿ ಬರೆದ: 'ಇಳುವರಿ ಐತೆ, ರುಚಿ ಇಲ್ಲ.'

ಸ್ವಿಚ್ಚಿನ ಬೆಳೆ ಆಯುಧಪೂಜೆಯವರೆಗೆ ನಿಂತಿತು. ಅದು ನುಣ್ಣನೆಯ ಗಾಜಿನ ಸ್ವಿಚ್ಚು, ಬೆರಳು ತಾಕಿಸಿದರೆ ಸಾಕು. ಮಾವ ತಕ್ಕಡಿಗೆ, ಸ್ಕೂಟರಿಗೆ ವಿಭೂತಿ ಹಚ್ಚಿ, ಪ್ರತಿವರ್ಷದಂತೆ ಪಡಸಾಲೆಯ ಸ್ವಿಚ್ ಬೋರ್ಡಿಗೂ ಭಕ್ತಿಯಿಂದ ಮೂರು ಬೆರಳು ಎಳೆದ. ಒಂದು ಬೆರಳಿಗೆ ಲೈಟು ಆರಿತು, ಇನ್ನೊಂದಕ್ಕೆ ಟೀವಿ ಅರಚಿತು, ಮೂರನೆಯದಕ್ಕೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿ ತಟ್ಟೆಯಲ್ಲಿದ್ದ ವಿಭೂತಿಯೆಲ್ಲ ಮೇಲೆದ್ದಿತು! ಮಾವ, ಅತ್ತೆ, ನಾನು, ಪೂಜೆಗಿಟ್ಟ ಮಂಡಕ್ಕಿ, ಎಲ್ಲರೂ ಮೈತುಂಬ ವಿಭೂತಿ ಧರಿಸಿದೆವು. "ಒಬ್ರನ್ನೂ ಬಿಡ್ಲಿಲ್ಲ ನೋಡ್ರಿ ನಿಮ್ ಸ್ವಿಚ್ಚು," ಎಂದು ಅತ್ತೆ ನಕ್ಕು ನಕ್ಕು ಅಲ್ಲೇ ಕುಂತಳು.

ಮರುವಾರ ಮಾವ ಗಾಜಿನದನ್ನೆಲ್ಲ ತೆಗೆಸಿದ. ಬಲ್ಬುಗಳನ್ನೂ ಕಿತ್ತ. ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದ ಅದೇ ಜಾಗಕ್ಕೆ, ಗುಂಡಿ ಒತ್ತುವ ಸ್ಮಾರ್ಟ್ ಸ್ವಿಚ್ಚು ಬಂತು.

"ಅದೇ ಯಾಕೆ ಗೆದ್ದಿತು ಮಾವ?" ಎಂದು ಕೇಳಿದೆ.

"ಬಲ್ಬಾದ್ರೆ ಫೋನಾಗೆ ಆರಿಸಿದ್ದನ್ನ ಗೋಡೆ ಮ್ಯಾಲೆ ಹಚ್ಚಾಕೆ ಬರಲ್ಲ ಕಣಲೇ. ಇದಾದ್ರೆ ಇಬ್ರ ಕೈಗೂ ಬರ್ತೈತೆ," ಎಂದ. ಫೋನಲ್ಲಿ ಆರಿಸಿ ಗೋಡೆಯಲ್ಲಿ ಹಚ್ಚುವ ಗ್ರಹಚಾರ ಯಾರಿಗೆ ಬಂದಿದೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಮೊನ್ನೆ ನಾನಿರುವ ಹೊಳಲ್ಕೆರೆಯಿಂದ ಅವರ ಮನೆಗೆ ಹೋಗಿದ್ದೆ. ಸಂಜೆಯಾಗಿತ್ತು. ಮಾವ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಫೋನು ಹಿಡಿದಿದ್ದ, ಕಣ್ಣು ಮಾತ್ರ ನಡುಮನೆಯ ಕಡೆಗಿತ್ತು. ಹಿತ್ತಿಲ ಬಾಗಿಲು ಸದ್ದಾಯಿತು. ಅತ್ತೆಯ ಕಾಲು ಹೊಸಿಲು ಮುಟ್ಟುವ ಮೊದಲೇ ಮಾವನ ಬೆರಳು ಆಡಿತು, ನಡುಮನೆ ಬೆಳಗಿತು. ಆ ಬೆಳಕಿನಲ್ಲಿ ಅತ್ತೆ ನಿಧಾನವಾಗಿ ನಡೆದು ದೇವರ ಗೂಡಿನ ಮುಂದೆ ನಿಂತು ಒಂದು ಸಲ ಕೆಮ್ಮಿದಳು. ಮಾವನ ಬೆರಳು ಮತ್ತೆ ಆಡಿತು. ದೀಪ ಆರಿತು. ಮರುಗಳಿಗೆಗೆ ಟಕ್ಕೆಂದು ಸ್ವಿಚ್ಚಿನ ಸದ್ದು. ದೀಪ ಹಚ್ಚಿದ ಅತ್ತೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು.

ಇಷ್ಟು ದಿನ ಈ ಮನುಷ್ಯನನ್ನು ಊರೆಲ್ಲ ಹೇಳಿಕೊಂಡು ನಗೆಪಾಟಲು ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಅಡುಗೆಮನೆಗೆ ಹೋಗಿ, ಏನೂ ತಿಳಿಯದವನಂತೆ, "ಸ್ವಿಚ್ಚು ಕೆಟ್ಟಿದೆಯೇನತ್ತೆ? ನಡುವೆ ಒಂದು ಸಲ ದೀಪ ಆರಿತಲ್ಲ," ಎಂದೆ.

ಅತ್ತೆ ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಏನೂ ಕೆಟ್ಟಿಲ್ಲ ಕಣಪ್ಪ. ಅವ್ರೇ ಆರಿಸೋದು, ನಾನು ಹಚ್ಚಲಿ ಅಂತ. ನಂಗೆ ಗೊತ್ತಿಲ್ಲ ಅಂದ್ಕಂಡಾರೆ. ಒಂದೊಂದ್ ದಿನ ಆರ್ಸಾದು ಮರ್ತು ನನ್ನೇ ನೋಡ್ತಾ ಕುಂತ್ಬಿಡ್ತಾರೆ, ಅದ್ಕೇ ಒಂದ್ಸಲ ಕೆಮ್ತೀನಿ."

ಆಮೇಲೆ ಅಡುಗೆಮನೆಯ ಗೂಡಿನಲ್ಲಿದ್ದ ಸೀಸೆಯೊಂದನ್ನು ತೋರಿಸಿದಳು.

"ಪಾಪ, ದಿನಾ ಸಂಜೆ ಕೆಮ್ಮು ಬರ್ತೈತೆ ಅಂತ ಸಿರಪ್ ಬ್ಯಾರೆ ತಂದಿಟ್ಟಾರೆ ನೋಡು."