ಸಮುದ್ರ ನೋಡಲು ಹೋದ ಎರಡು ಬ್ರೇಕಿನ ಕಾರು

ಹೆಂಡತಿ: ಈಗ ಬ್ರೇಕ್ ಹಾಕಿದ್ದು ಯಾರು?

ಗಂಡ: ಮುಂದೆ ತಿರುವಿತ್ತು.

ಹೆಂಡತಿ: ಸ್ಟಿಯರಿಂಗ್ ನನ್ನ ಕೈಲಿದೆ, ಕಣ್ಣು ನನ್ನ ಮುಖದಲ್ಲಿದೆ. ತಿರುವು ನನಗೂ ಕಾಣತ್ತೆ.

ಗಂಡ: ಅಭ್ಯಾಸ ಕಣೇ. ಕಾಲು ತಾನಾಗೇ ಹೋಗತ್ತೆ.

ಹೆಂಡತಿ: ಸಮುದ್ರದ ಹತ್ರ ಮನೆ ಬೇಡ ಅಂತ ನಾನು ಬಾಯಿ ತೆಗೆದಾಗಲೇ ಹೋಗತ್ತಲ್ಲ, ಬಹಳ ಬುದ್ಧಿವಂತ ಕಾಲು.

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಾರೂ ಸ್ಕೂಲಿನದೇ: ಪಕ್ಕದ ಸೀಟಿಗೂ ಒಂದು ಬ್ರೇಕು, ನೆತ್ತಿಯ ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಬೋರ್ಡು. ವರ್ಷಗಟ್ಟಲೆ ಕಂಡವರ ಕೈಗೆ ಸ್ಟಿಯರಿಂಗ್ ಕೊಟ್ಟು ತಾನು ಜೀವ ಬಿಗಿಹಿಡಿದು ಕೂತು ಕೂತು, ನಗರದ ಟ್ರಾಫಿಕ್ಕೆಂದರೆ ಅವನಿಗೆ ಈಗ ಮೈಯೆಲ್ಲ ಉರಿ. ಕಡಲ ತೀರದ ಯಾವುದಾದರೂ ಸಣ್ಣ ಊರಿನಲ್ಲಿ ಮನೆ ಹಿಡಿದು, ಖಾಲಿ ರಸ್ತೆಯಲ್ಲಿ ನೆಮ್ಮದಿಯಾಗಿ ಪಾಠ ಹೇಳಬೇಕೆಂದು ಜಪ ಶುರುಮಾಡಿದ್ದ. ಹೆಂಡತಿಗೆ ನಗರದಲ್ಲಿ ಒಂದು ಬಾಗಿಲಿನ ಟೈಲರ್ ಅಂಗಡಿ. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಅದನ್ನೆಲ್ಲ ಬಿಟ್ಟು ಮರಳಿನ ಮೇಲೆ ಕೂತು ಅಲೆ ಎಣಿಸುವ ಖಯಾಲಿ ಅವಳಿಗಿರಲಿಲ್ಲ. ಒಂದು ದಿನದ ಮಟ್ಟಿಗೆ ಬಂದು ನೋಡು, ಆಮೇಲೆ ನಿನ್ನಿಷ್ಟ ಎಂದು ಅವನು ಗೋಗರೆದದ್ದಕ್ಕೆ ಹೊರಟಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ಒಂದು ದಿಂಬು, ಎರಡು ಸ್ವೆಟರ್ ಸಮೇತ ವಿರಾಜಮಾನರಾಗಿದ್ದರು.

ಸೊಸೆಯ ಮುಖ ಊದಿಕೊಂಡಿದ್ದು ಕಂಡು, ಸಮಾಧಾನ ಮಾಡೋಣವೆಂದು ಅತ್ತೆ ಬಾಯಿ ಹಾಕಿದರು.

ಅತ್ತೆ: ಬೇಜಾರು ಮಾಡ್ಕೋಬೇಡ್ವೇ. ಹೊಸ ಊರಲ್ಲೂ ಒಂದು ಅಂಗಡಿ ಸಿಗತ್ತೆ. ಹಳೇದನ್ನ ಹೇಗೂ ಬಿಟ್ಟುಕೊಡ್ತೀವಿ ಅಂತ ಹೇಳಿಯಾಯ್ತಲ್ಲ.

ಈ ಸಲ ಬ್ರೇಕ್ ಹಾಕಿದವಳು ಹೆಂಡತಿ. ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದಿನಿಂದ ಬಂದ ಲಾರಿಯವನು ಬೋರ್ಡು ಓದಿ, ಪಾಪ ಹೊಸಬರು ಎಂದುಕೊಂಡು ಬಳಸಿ ಹೋದ.

ಹೆಂಡತಿ: ಯಾರಿಗೆ ಹೇಳಿಯಾಯ್ತು?

ಅತ್ತೆ: ನಿನಗೆ ಗೊತ್ತಿಲ್ವಾ? ಹಾಗಾದ್ರೆ ನಾನು ನಿದ್ದೆ ಮಾಡ್ತಿದೀನಿ ಅಂದ್ಕೋ.

ಗಂಡ: ನಿನ್ನ ಬಾಡಿಗೆ ಅಂಗಡಿಯ ಮಾಲೀಕರು ಸಿಕ್ಕಿದ್ರು. ಸುಮ್ನೆ ಮಾತಿಗೆ ಹೇಳಿದೆ. ತಿಂಗಳ ಕೊನೆಗೆ ಬೇರೆಯವರು ಬರ್ತಾರಂತೆ.

ಹೆಂಡತಿ: ಸುಮ್ನೆ ಮಾತಿಗೆ ಹೇಳಿದ್ರೆ ಬೇರೆಯವರು ಬಂದುಬಿಡ್ತಾರಾ? ನನಗ್ಯಾಕೆ ಹೇಳಲಿಲ್ಲ?

ಗಂಡ: ನಿನಗೆ ಹೇಳಿದ್ರೆ ಬೇಡ ಅಂತಿದ್ದೆ.

ಹೆಂಡತಿ: ಆಹಾ, ಎಂಥಾ ದೂರದೃಷ್ಟಿ. ಕನ್ನಡಿ ನೋಡದೆ ರಿವರ್ಸ್ ತೆಗೀಬಾರದು ಅಂತ ಊರಿಗೆಲ್ಲ ಪಾಠ ಹೇಳ್ತೀರಿ.

ಆ ಅಂಗಡಿಯ ಗೋಡೆಗೆ ಬಣ್ಣ ಬಳಿದವಳು ಅವಳು. ಕಿಟಕಿಯ ಪಕ್ಕಕ್ಕೆ ಮಿಷನ್ನು ಎಳೆದು, ಬೆಳಕು ಬೀಳುವ ಜಾಗ ಹುಡುಕಿದವಳು ಅವಳು. ಅತ್ತು ರಂಪ ಮಾಡಬೇಕೆನಿಸಿತು. ಅತ್ತೆ ಒಂದೇ ಕಣ್ಣು ತೆರೆದು ನೋಡುತ್ತಿದ್ದುದರಿಂದ ಗೇರ್ ಹಾಕಿದಳು.

ಊರೆಂದರೆ ಒಂದೇ ಬೀದಿ, ಬೀದಿಯ ತುಂಬ ಗಾಳಿ. ಅವರು ನೋಡಲು ಬಂದ ಮನೆಯ ಯಜಮಾನಿ ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ಛತ್ರಿ, ಬಟ್ಟೆಯ ಕುರ್ಚಿ ಬಾಡಿಗೆಗೆ ಕೊಡುವಾಕೆ. ಮೇಲೆ ಮೂರು ಕೋಣೆ, ಕೆಳಗೆ ಬೀದಿಗೆ ಬಾಗಿಲಿರುವ ದೊಡ್ಡ ಕೋಣೆಯೊಂದನ್ನು ತೋರಿಸಿದಳು. ಮೇಷ್ಟ್ರು ಆ ಕೋಣೆಯ ಗೋಡೆಯ ಮೇಲೆ ಆಗಲೇ ಟ್ರಾಫಿಕ್ ಚಿಹ್ನೆಗಳ ಪಟ ತೂಗುಹಾಕುವ ಜಾಗ ನೋಡತೊಡಗಿದ್ದ.

ಗಂಡ: ಈ ಊರಲ್ಲಿ ಡ್ರೈವಿಂಗ್ ಕಲಿಸೋರು ಎಷ್ಟು ಜನ ಇದಾರೆ?

ಯಜಮಾನಿ: ಒಬ್ಬರೂ ಇಲ್ಲ.

ಗಂಡ: ಕೇಳಿಸ್ಕೊಂಡ್ಯಾ? ಪೈಪೋಟಿಯೇ ಇಲ್ಲ.

ಯಜಮಾನಿ: ಕಲಿಯೋರೂ ಇಲ್ಲ. ನೀರು ಇಳಿದಾಗ ಮರಳು ಗಟ್ಟಿಯಾಗಿರತ್ತೆ. ಎಲ್ಲರೂ ಅಲ್ಲೇ ಅಪ್ಪನ ಗಾಡೀಲಿ ಕಲಿತುಬಿಡ್ತಾರೆ. ಗುದ್ದೋಕೆ ಏನಿದೆ, ಸಮುದ್ರ ತಾನೆ?

ಗಂಡ: ಪಾರ್ಕಿಂಗ್ ಮಾಡೋದು? ಅದನ್ನಾದ್ರೂ ಯಾರೋ ಕಲಿಸಬೇಕಲ್ಲ.

ಯಜಮಾನಿ: ನಿಲ್ಲಿಸಿದ ಕಡೆ ಪಾರ್ಕಿಂಗು.

ಹೆಂಡತಿ: ನೆಮ್ಮದಿ ಅಂದ್ರೆ ಇದು ನೋಡಿ. ಟ್ರಾಫಿಕ್ ಕಾಟವೂ ಇಲ್ಲ, ವಿದ್ಯಾರ್ಥಿಗಳ ಕಾಟವೂ ಇಲ್ಲ.

ಅವನು ಒಪ್ಪಲಿಲ್ಲ. ಈಕೆಗೇನು ಗೊತ್ತು, ನಾಲ್ಕು ಜನರನ್ನು ವಿಚಾರಿಸಿ ಬರುತ್ತೇನೆ ಎಂದು ಬೀದಿಗಿಳಿದ. ಔಷಧಿ ಅಂಗಡಿಯವನನ್ನು ಕೇಳಿದ, ಬೇಕರಿಯವನನ್ನು ಕೇಳಿದ, ಕೊನೆಗೆ ಒಬ್ಬ ಅಜ್ಜಿಯನ್ನು ಕೇಳಿದ. ಅಜ್ಜಿ ಬೀದಿಯಲ್ಲಿ ನಿಂತಿದ್ದ ಅವನ ಕಾರಿನ ಬೋರ್ಡು ನೋಡಿ, ಮನಸ್ಸಿದ್ದರೆ ಸಂಜೆ ಬಾ, ನಾನೇ ಕಲಿಸಿಕೊಡುತ್ತೇನೆ ಎಂದಳು.

ಇತ್ತ ಹೆಂಡತಿ ದಂಡೆಯ ಕುರ್ಚಿಯೊಂದರಲ್ಲಿ ಕೂತವಳು, ಪರ್ರನೆ ಹರಿದ ಸದ್ದಿಗೆ ಎದ್ದಳು. ಹೊಲಿಗೆ ನೋಡಿದಳು. ಇದನ್ನು ಯಾರು ಹೊಲಿದರು, ಕೈಯಲ್ಲೋ ಕಾಲಲ್ಲೋ ಎಂದು ಕೇಳಿದಳು. ಯಜಮಾನಿ ಗೋಳು ತೋಡಿಕೊಂಡಳು: ಈ ಗಾಳಿಗೆ ವಾರವಾರವೂ ಛತ್ರಿ, ಕುರ್ಚಿ, ಅಂಗಡಿಗಳ ಮುಂದಿನ ಪರದೆ ಹರಿಯುತ್ತವಂತೆ, ಇದ್ದೊಬ್ಬ ಟೈಲರ್ ಊರು ಬಿಟ್ಟನಂತೆ, ನಗರಕ್ಕೆ ಕಳಿಸಿದರೆ ಪ್ರವಾಸಿಗರೆಲ್ಲ ಹೋದ ಮೇಲೆ ವಾಪಸು ಬರುತ್ತವಂತೆ. ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ದಪ್ಪ ಸೂಜಿ ತೆಗೆದಳು. ಒಂದು ಕುರ್ಚಿ ಮುಗಿಯುವಷ್ಟರಲ್ಲಿ ದೋಣಿಯವನೊಬ್ಬ ತನ್ನ ದೋಣಿಯ ಹರಿದ ಹೊದಿಕೆ ಹೊತ್ತು ತಂದ. ಅವನ ಹಿಂದೆ ಅಂಗಡಿಯ ಪರದೆ ಹಿಡಿದು ಬೇಕರಿಯವನ ಹೆಂಡತಿ. ಹರಿದ ಬಟ್ಟೆ ಗಾಳಿಗೆ ಹಾರದಂತೆ ಅತ್ತೆ ಅದರ ಮೇಲೆ ಕೂತರು.

ಗಂಡ ಬಂದಾಗ ಅವನ ಶೂ ತುಂಬ ಮರಳು, ಮುಖ ಸಪ್ಪಗೆ.

ಗಂಡ: ನಡಿ, ಹೊರಡೋಣ. ಈ ಗಾಳಿ ಅಮ್ಮನಿಗೆ ಆಗಿಬರಲ್ಲ.

ಅತ್ತೆ: ಅಮ್ಮನಿಗೇನೋ ಆಗಿದೆ? ಚೆನ್ನಾಗೇ ಇದೀನಿ.

ಗಂಡ: ಉಪ್ಪುಗಾಳಿ. ಕಬ್ಬಿಣಕ್ಕೆಲ್ಲ ತುಕ್ಕು. ಪಾಪ, ನಿನ್ನ ಮಿಷನ್ನು ಹಾಳಾಗಲ್ವಾ?

ಹೆಂಡತಿ: ಅಂತೂ ನನ್ನ ಮಿಷನ್ ನೆನಪಾಯ್ತು. ಎಣ್ಣೆ ಹಾಕ್ತೀನಿ ಬಿಡಿ.

ಗಂಡ: ಮಾಲೀಕರ ಕೈಕಾಲು ಹಿಡಿದಾದ್ರೂ ನಿನ್ನ ಅಂಗಡಿ ಉಳಿಸ್ಕೊಡ್ತೀನಿ ಕಣೇ.

ಹೆಂಡತಿ: ಏನೂ ಬೇಕಾಗಿಲ್ಲ. ಕೆಳಗಿನ ಕೋಣೆ ನನಗೆ ಅಂತ ಹೇಳಿಯಾಯ್ತು.

ಗಂಡ: ನನ್ನನ್ನೊಂದು ಮಾತು ಕೇಳದೇನೇ?

ಹೆಂಡತಿ: ಕೇಳಿದ್ರೆ ಬೇಡ ಅಂತಿದ್ರಿ.

ಅವನು ಹರಿದ ಕುರ್ಚಿಯ ಚೌಕಟ್ಟಿನ ಮೇಲೆಯೇ ಕುಸಿದು ಕೂತ. ಅವಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಆಮೇಲೆ ಅಂಗಡಿಯ ಕಿಟಕಿಯ ಬೆಳಕು ನೆನಪಾಗಿ, ಹಾಗೆನಿಸಿದ್ದು ಹೋಯಿತು.

ಗಂಡ: ನಾನಿಲ್ಲಿ ಏನು ಮಾಡ್ಲಿ, ಹೇಳು.

ಹೆಂಡತಿ: ಕೆಲಸಕ್ಕೇನು ಬರ? ಈ ಊರಲ್ಲಿ ದಪ್ಪ ಬಟ್ಟೆ ಸಿಗಲ್ಲ, ದಾರ ಸಿಗಲ್ಲ. ವಾರಕ್ಕೊಂದ್ಸಲ ನಗರಕ್ಕೆ ಹೋಗಿ ತನ್ನಿ. ದೊಡ್ಡ ಮಾರ್ಕೆಟ್ಟಿನ ಹಿಂದಿನ ಬೀದೀಲಿ ಎಲ್ಲಾ ಸಿಗತ್ತೆ.

ಗಂಡ: ಆ ಬೀದೀಲಾ? ಅಲ್ಲಿ ಕಾರು ಹೊಕ್ಕರೆ ಆಚೆ ಬರೋಕೆ ಅರ್ಧ ದಿನ ಬೇಕು ಕಣೇ.

ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು.

ಹೆಂಡತಿ: ನಿಧಾನಕ್ಕೇ ಬನ್ನಿ. ನನಗೇನೂ ಅವಸರವಿಲ್ಲ.